ಆರೂವರೆ ಅಡಿ ಕೋಲು, ಅಂಗೈಯುದ್ದದ ಮೀನು

ನಮ್ಮಲ್ಲಿ ಗಾಳದ ಮಾತೆದ್ದರೆ ಮೊದಲು ಬರುವುದು ತೂಕ. 1919ರಲ್ಲಿ ಕಾವೇರಿಯಲ್ಲಿ ರಿವೆಟ್-ಕಾರ್ನಾಕ್ ಎಂಬಾತ ದಡಕ್ಕೆಳೆದ ಮಹಶೀರ್ 119 ಪೌಂಡು. ಬೇಟೆಯ ಹುಲಿ, ಚಿರತೆಗಳ ಚರ್ಮ ಹದಮಾಡಿ ಜೀವ ಬಂದಂತೆ ನಿಲ್ಲಿಸುತ್ತಿದ್ದ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಒಬ್ಬರು 1946ರ ಮಾರ್ಚಿನಲ್ಲಿ ಕಬಿನಿಯಲ್ಲಿ ಹಿಡಿದದ್ದು 120 ಪೌಂಡು, ಐವತ್ತನಾಲ್ಕು ಕಿಲೋಗೂ ಮೇಲೆ. ಭೀಮೇಶ್ವರಿ, ಗಾಲಿಬೋರೆಯ ಮಡುಗಳಲ್ಲಿ ಇಂಥ ಮೀನಿಗೆ ಒಡ್ಡುತ್ತಿದ್ದುದು ನಮ್ಮದೇ ರಾಗಿ. ಹಿಟ್ಟು ಬೇಯಿಸಿ, ಗಟ್ಟಿಯಾಗಿ ನಾದಿ, ಉಂಡೆ ಕಟ್ಟಿ ಗಾಳಕ್ಕೆ ಮೆತ್ತಿ ಎಸೆದರೆ ಮುಗಿಯಿತು, ಇನ್ನು ಕಾಯುವುದೊಂದೇ ಕೆಲಸ. ಮೀನು ಕಚ್ಚಿದರೆ ಮನುಷ್ಯನನ್ನೇ ನೀರಿಗೆಳೆಯುವ ಶಕ್ತಿ. ಅದಕ್ಕೆ ತಕ್ಕ ದಪ್ಪ ಕೋಲು, ದಪ್ಪ ದಾರ, ದಪ್ಪ ಕತೆ.

ಈ ಬರಹ ಅದರ ಎದುರು ದಿಕ್ಕಿನದು. ಹತ್ತು ಅಡಿ ಅಗಲದ ತೊರೆ, ಮೊಣಕಾಲು ನೀರು, ತಲೆ ಮೇಲೆ ಹೊಂಗೆ, ನೇರಳೆಯ ಕೊಂಬೆ. ನೀರಿನಲ್ಲಿ ಗೇಣುದ್ದಕ್ಕೂ ಕಡಿಮೆಯ ಮೀನು. ಅಲ್ಲಿಗೆ ಯಾವ ಕೋಲು ಹಿಡಿದು ಹೋಗಬೇಕು? ಫ್ಲೈ ರಾಡ್ ಕೊಳ್ಳಬೇಕೆಂದು ಆಸೆಪಡುವ ಬೆಂಗಳೂರಿನವರು ಸಾಮಾನ್ಯವಾಗಿ ವಿದೇಶದ ನೆಂಟರನ್ನು ಕೇಳಿ, ಅವರು ಹೇಳಿದ 9 ಅಡಿಯ, 5ನೇ ನಂಬರಿನ ಕೋಲು ತರಿಸುತ್ತಾರೆ. ಅಮೆರಿಕದ ಅಗಲ ನದಿಗೆ ಅದು ಸರಿ. ಮೂಡಿಗೆರೆಯ ಕಾಫಿ ತೋಟದೊಳಗಿನ ಹಳ್ಳಕ್ಕಿಳಿದರೆ ಅದರ ತುದಿ ಮೊದಲು ಹುಡುಕುವುದು ಸಿಲ್ವರ್ ಓಕಿನ ಕೊಂಬೆಯನ್ನು.

ಫ್ಲೈ ಗಾಳ ಕಂಡಿರದವರಿಗಾಗಿ ಒಂದೆರಡು ಮಾತು. ನಾವು ಚಿಕ್ಕಂದಿನಿಂದ ನೋಡಿದ ಗಾಳದಲ್ಲಿ ದಾರಕ್ಕೆ ತೂಕವಿಲ್ಲ. ಎರೆಹುಳು, ಬೆಂಡು, ಸೀಸದ ಗುಂಡು ಇವುಗಳ ಭಾರವೇ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಎಂದರೆ ಕೊಕ್ಕೆಗೆ ಗರಿ, ಕೂದಲು, ನೂಲು ಸುತ್ತಿ ಮಾಡಿದ ಹುಸಿ ನೊಣ. ಉಫ್ ಎಂದರೆ ಹಾರಿಹೋಗುವಷ್ಟು ಹಗುರ. ಅದನ್ನು ಎಸೆಯಲು ಬರುವುದಿಲ್ಲ. ಆದ್ದರಿಂದ ಇಲ್ಲಿ ದಾರವೇ ಭಾರ. ಪ್ಲಾಸ್ಟಿಕ್ ಹೊದಿಸಿದ ದಪ್ಪ ದಾರವನ್ನು ಎತ್ತಿನ ಗಾಡಿಯವನು ಬಾರುಕೋಲು ಬೀಸಿದಂತೆ ಹಿಂದಕ್ಕೆ ಬಿಚ್ಚಿ ಮುಂದಕ್ಕೆ ಬೀಸಬೇಕು. ಕೋಲು ಬಾಗಬೇಕು, ಬಾಗಿದ ಕೋಲು ಚಿಮ್ಮಬೇಕು, ಆ ಚಿಮ್ಮು ದಾರದ ಉದ್ದಕ್ಕೂ ಸುರುಳಿ ಬಿಚ್ಚಿಕೊಂಡು ಹೋಗಿ ನೊಣವನ್ನು ನೀರಿನ ಮೇಲೆ ಇಳಿಸಬೇಕು. ಕೋಲಿನ ಆಯ್ಕೆಯ ಗುಟ್ಟೆಲ್ಲ ಆ ‘ಬಾಗಬೇಕು’ ಎಂಬಲ್ಲಿದೆ.

ಅಂಗಡಿಯವರು ಹೇಳುವ ನಂಬರು ಕೋಲಿನ ತೂಕದ್ದಲ್ಲ, ದಾರದ ತೂಕದ್ದು. 1960ರ ದಶಕದ ಆರಂಭದಲ್ಲಿ ಅಮೆರಿಕದ ಗಾಳ ಸಲಕರಣೆ ತಯಾರಕರ ಸಂಘ ಒಂದು ಅಳತೆ ಗೊತ್ತುಮಾಡಿತು. ದಾರದ ಮೊದಲ 30 ಅಡಿಯನ್ನು ತೂಗಿ, ತೂಕಕ್ಕೊಂದು ನಂಬರು ಕೊಡುವುದು. 2ನೇ ನಂಬರೆಂದರೆ 80 ಗ್ರೇನು, 3 ಎಂದರೆ 100, 4 ಎಂದರೆ 120, 5 ಎಂದರೆ 140. ನೂರು ಗ್ರೇನು ಎಂದರೆ ಸುಮಾರು ಆರೂವರೆ ಗ್ರಾಂ. 3ನೇ ನಂಬರಿನ ಕೋಲು ಎಂದರೆ, ಅಷ್ಟು ತೂಕದ ದಾರ ತುದಿಯಿಂದ ಆಚೆ ಇದ್ದಾಗ ಸರಿಯಾಗಿ ಬಾಗುವ ಕೋಲು.

ಈಗ ತೊರೆಯಲ್ಲಿ ನಿಂತು ಲೆಕ್ಕ ಹಾಕಿ. ಮೀನು ಇರುವುದು 20 ಅಡಿ ದೂರದಲ್ಲಿ. ಅದರಲ್ಲಿ 7 ಅಡಿಯನ್ನು ಕೋಲೇ ನುಂಗಿತು. ನೊಣಕ್ಕೂ ದಪ್ಪ ದಾರಕ್ಕೂ ನಡುವೆ ಕಟ್ಟುವ, ಮೀನಿಗೆ ಕಾಣದ ಸಪೂರ ನೈಲಾನ್ ದಾರ, ಅಂದರೆ ಲೀಡರ್, ಇನ್ನೊಂದು 7 ಅಡಿ. ಉಳಿದದ್ದು 6 ಅಡಿ ದಪ್ಪ ದಾರ. ಮೂವತ್ತು ಅಡಿಗೆ ಆರೂವರೆ ಗ್ರಾಂ ಆದರೆ ಆರು ಅಡಿಗೆ ಒಂದೂಕಾಲು ಗ್ರಾಂ ಚಿಲ್ಲರೆ. ಮುಂತುದಿ ಸಪೂರವಾಗಿರುವುದರಿಂದ ನಿಜದಲ್ಲಿ ಇನ್ನೂ ಕಡಿಮೆ. ಒಂದು ಗ್ರಾಮಿನ ಆಸುಪಾಸಿನ ಈ ಭಾರಕ್ಕೆ ಬಾಗದ ಕೋಲು ಎಷ್ಟೇ ಬೆಲೆಯದಾದರೂ ಹಳ್ಳದಲ್ಲಿ ಬರಿಯ ಕಡ್ಡಿ.

ಇಷ್ಟು ತಿಳಿದುಕೊಂಡರೆ ಅಂಗಡಿಯ ಅರ್ಧ ಮಾತು ತಾನಾಗಿ ಉದುರಿಹೋಗುತ್ತದೆ. ‘ಫಾಸ್ಟ್ ಆ್ಯಕ್ಷನ್’ ಎಂದು ಹೊಗಳುವ ಗಡುಸು ಕೋಲುಗಳು ತುದಿಯಲ್ಲಿ ಮಾತ್ರ ಬಾಗುತ್ತವೆ. ಅರವತ್ತು ಅಡಿ ಎಸೆಯುವವರಿಗೆ, ಎದುರುಗಾಳಿಗೆ ಒಡ್ಡಿಕೊಂಡವರಿಗೆ ಅದು ಬೇಕು. ನಮಗೆ ಬೇಕಾದದ್ದು ಹಿಡಿಯವರೆಗೂ ಬಾಗುವ ಮೆದು ಕೋಲು. ಇಂಥ ಕೋಲು ಆಲಸಿ ಎಂದು ದೂರುವವರಿದ್ದಾರೆ. ಇರಲಿ, ಅದು ಕೈಯನ್ನೂ ನಿಧಾನ ಮಾಡುತ್ತದೆ, ಮತ್ತು ಸಣ್ಣ ಮೀನು ಕಚ್ಚಿದಾಗ ನಾವು ದಡಬಡಿಸಿ ಎಳೆದರೂ ಕೂದಲೆಳೆಯಂಥ ನೈಲಾನ್ ತುಂಡಾಗದಂತೆ ಆ ಏಟನ್ನು ತಾನು ನುಂಗಿಕೊಳ್ಳುತ್ತದೆ. ಗಡುಸು ಕೋಲನ್ನು ಈಗಾಗಲೇ ಕೊಂಡವರಿಗೂ ಒಂದು ದಾರಿ ಉಂಟು. 3ನೇ ನಂಬರಿನ ಕೋಲಿಗೆ 4ನೇ ನಂಬರಿನ ದಾರ ಹಾಕುವುದು. ನಿಯಮಕ್ಕೆ ಹೊರತಾದರೂ ಹಳ್ಳದವರೆಲ್ಲ ಮಾಡುವ ಕೆಲಸ ಇದು.

ಮೆದು ಕೋಲೆಂದಾಗ ಯಾವ ವಸ್ತುವಿನದು ಎಂಬ ಪ್ರಶ್ನೆ ಬರುತ್ತದೆ. ಹಳೆಯ ಪಾಶ್ಚಾತ್ಯ ಕೋಲುಗಳೆಲ್ಲ ಬಿದಿರು, ಅದೂ ದಕ್ಷಿಣ ಚೀನಾದ ಟೋಂಕಿನ್ ಬಿದಿರು. ಅದನ್ನು ಸೀಳಿ, ತ್ರಿಕೋನದ ಆರು ಪಟ್ಟಿ ಹೆರೆದು, ಅಂಟಿಸಿ ಆರುಮೂಲೆಯ ಕೋಲು ಮಾಡುತ್ತಿದ್ದರು. ಎರಡನೆಯ ಮಹಾಯುದ್ಧದ ನಂತರ ಫೈಬರ್‌ಗ್ಲಾಸ್ ಬಂತು. ಕೊರಿಯಾ ಯುದ್ಧದ ಹೊತ್ತಿಗೆ ಅಮೆರಿಕ ಚೀನಾದ ಸರಕಿಗೆ ಬಾಗಿಲು ಹಾಕಿತು; ಬಿದಿರು ಸಿಗದೆ ಗಾಜಿನ ಎಳೆಯ ಕೋಲುಗಳು ಮಾರುಕಟ್ಟೆ ಹಿಡಿದವು. 1973ರಲ್ಲಿ ಫೆನ್ವಿಕ್ ಕಂಪನಿ ಗ್ರಾಫೈಟ್ ಕೋಲು ತಂದ ಮೇಲೆ ಗ್ಲಾಸು ಹಿಂದೆ ಬಿತ್ತು. ಹಗುರ, ಗಡುಸು, ದೂರ ಎಂಬ ಮೂರೂ ಗ್ರಾಫೈಟಿನ ಗುಣ. ಆದರೆ ಸಣ್ಣ ತೊರೆಯವರು ಮತ್ತೆ ಗ್ಲಾಸಿನತ್ತ ತಿರುಗಿದ್ದಾರೆ, ಕಾರಣ ಆ ಒಂದು ಗ್ರಾಮಿನ ಲೆಕ್ಕವೇ. ನನ್ನ ಓಟೂ ಗ್ಲಾಸಿಗೆ. ಆರೂವರೆ ಏಳು ಅಡಿಯೊಳಗೆ ಗ್ಲಾಸಿನ ಭಾರ ಕೈಗೆ ತಿಳಿಯುವಷ್ಟಿರುವುದಿಲ್ಲ. ಕಲ್ಲಿಗೆ ತಾಗಿದರೂ ಗ್ರಾಫೈಟಿನಂತೆ ಥಟ್ಟನೆ ಮುರಿಯುವುದಿಲ್ಲ. ಹಳ್ಳದ ಬಂಡೆಯ ಮೇಲೆ ಪಾಚಿಗೆ ಕಾಲು ಜಾರದವರು ಯಾರು?

ಇನ್ನು ಉದ್ದ. ಇಲ್ಲಿ ಜಗಳ ಉಂಟು, ಎರಡು ಕಡೆಯವರ ವಾದದಲ್ಲೂ ಹುರುಳಿದೆ. ಗಿಡ್ಡ ಕೋಲಿನ ದೊಡ್ಡ ವಕೀಲ ಅಮೆರಿಕದ ಲೀ ವುಲ್ಫ್. ಆರು ಅಡಿಯ, ಎರಡು ಔನ್ಸಿಗೂ ಕಡಿಮೆ ತೂಕದ ಬಿದಿರು ಕೋಲಿನಲ್ಲಿ ಅಟ್ಲಾಂಟಿಕ್ ಸಾಲ್ಮನ್ನಿನಂಥ ಬಲಶಾಲಿ ಮೀನನ್ನು ಹಿಡಿದು ತೋರಿಸಿದವನು. ಅವನ ಕೈಚಳಕ ಎಲ್ಲರಿಗೂ ಬರುವಂಥದ್ದಲ್ಲ, ಆ ಮಾತು ಬೇರೆ. ಎದುರು ಪಕ್ಷದಲ್ಲಿ ಜಪಾನಿನ ಗುಡ್ಡಗಾಡಿನವರಿದ್ದಾರೆ. ಅವರ ಟೆಂಕರಾ ಎಂಬ ಕ್ರಮದಲ್ಲಿ ಕೋಲು 11, 12 ಅಡಿ. ರೀಲೇ ಇಲ್ಲ, ದಾರವನ್ನು ತುದಿಗೆ ಕಟ್ಟಿಬಿಡುವುದು. ಉದ್ದ ಕೋಲಿದ್ದರೆ ದಾರವನ್ನು ನೀರಿಗೆ ತಾಗಿಸದೆ ಮೇಲೆತ್ತಿ ಹಿಡಿಯಬಹುದು. ನಡು ತೊರೆಯ ಸೆಳವು ದಾರವನ್ನು ಎಳೆಯದು, ನೊಣ ತನ್ನ ಪಾಡಿಗೆ ತೇಲುತ್ತದೆ, ಮೀನಿಗೆ ಅನುಮಾನ ಬರುವುದಿಲ್ಲ. 2009ರಲ್ಲಿ ಇದು ಅಮೆರಿಕಕ್ಕೆ ಹೋಗಿ ಅಲ್ಲಿಂದ ಜಗತ್ತಿಗೆಲ್ಲ ಹೊಸ ಫ್ಯಾಷನ್ನಾಯಿತು. ಹೊಸದೇನು ಬಂತು? ಮೇದರ ಅಂಗಡಿಯಿಂದ ತಂದ ಗಂಡು ಬಿದಿರಿನ ಸಪೂರ ಕೋಲಿಗೆ ದಾರ ಬಿಗಿದು ಕೆರೆ ಏರಿಯ ಮೇಲೆ ಕೂತವರೆಲ್ಲ ನಮ್ಮಲ್ಲಿ ರೀಲಿಲ್ಲದೆಯೇ ಮೀನು ಹಿಡಿದವರು.

ಹಾಗಾದರೆ ಉದ್ದವೋ ಗಿಡ್ಡವೋ? ತಲೆ ಎತ್ತಿ ನೋಡಿದರೆ ಉತ್ತರ ಸಿಗುತ್ತದೆ. ಬಂಡೆಗಳ ನಡುವೆ ಬಿಸಿಲು ಬೀಳುವ ತೆರೆದ ಹೊಳೆಯಾದರೆ ಎಂಟು ಅಡಿಗೂ ಮೇಲಿನದು ಸುಖ. ಮಲೆನಾಡಿನ ಹೆಚ್ಚಿನ ಹಳ್ಳಗಳಲ್ಲಿ ಆ ಭಾಗ್ಯವಿಲ್ಲ. ಎರಡೂ ದಡದಿಂದ ಓಟೆ ಬಾಗಿರುತ್ತದೆ, ಕೇದಗೆಯ ಮುಳ್ಳು, ಅದರ ಮೇಲೆ ಬಳ್ಳಿ. ಹಿಂದಕ್ಕೆ ಬೀಸಲು ಜಾಗವೇ ಇಲ್ಲ. ಅಲ್ಲಿ ಎಸೆತವೂ ಬೇರೆ. ದಾರವನ್ನು ನೀರಿನ ಮೇಲೆಯೇ ಹಿಂದಕ್ಕೆ ಜಾರಿಸಿ ಮುಂದಕ್ಕೆ ಉರುಳಿಸುವ ರೋಲ್ ಕಾಸ್ಟ್ ಒಂದು. ಅದಕ್ಕೂ ಇಂಬಿಲ್ಲದಿದ್ದರೆ ನೊಣವನ್ನು ಎರಡು ಬೆರಳಲ್ಲಿ ಹಿಡಿದು, ಕೋಲನ್ನು ಬಿಲ್ಲಿನಂತೆ ಬಗ್ಗಿಸಿ ಬಿಟ್ಟುಬಿಡುವುದು ಇನ್ನೊಂದು. ಈ ಎರಡನೆಯದು ಮೆದು ಗಿಡ್ಡ ಕೋಲಿಗೆ ಒಲಿದಷ್ಟು ಬೇರಾವುದಕ್ಕೂ ಒಲಿಯದು. ಒಂದೇ ಕೋಲು ಕೊಳ್ಳುವವರಿಗೆ ನನ್ನ ಸಲಹೆ ಆರೂವರೆಯಿಂದ ಏಳು ಅಡಿ, 3ನೇ ನಂಬರು. 1, 2ನೇ ನಂಬರಿನವು ನೋಡಲು ಮುದ್ದಾಗಿರುತ್ತವೆ. ಸಂಜೆಯ ಗಾಳಿ ಎದ್ದರೆ ಕೈಕೊಡುತ್ತವೆ. ರೀಲಿಗೆ ಹೆಚ್ಚು ದುಡ್ಡು ಸುರಿಯಬೇಡಿ. ಈ ಆಟದಲ್ಲಿ ರೀಲು ದಾರ ಸುತ್ತಿಡುವ ಡಬ್ಬಿ ಅಷ್ಟೇ.

ಇಷ್ಟೆಲ್ಲ ತಯಾರಿ ಯಾವ ಮೀನಿಗೆ ಎಂದು ಕೇಳಿದರೆ ನನಗೆ ನೆನಪಾಗುವುದು ಮಂಗಳೂರು. ಈ ದೇಶದ ಗಾಳದವರ ಮೊದಲ ದೊಡ್ಡ ಪುಸ್ತಕ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಅಚ್ಚಾದದ್ದು ಅಲ್ಲಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಬರೆದವನು ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್. ಮಹಶೀರಿನ ಮೇಲೆ ಬರೆದಷ್ಟೇ ಅಕ್ಕರೆಯಿಂದ ಅವನು ಕೈಬೆರಳುದ್ದದ ಮೀನುಗಳನ್ನೂ ಅವಕ್ಕೆ ಒಡ್ಡುವ ಪುಟ್ಟ ಫ್ಲೈಗಳನ್ನೂ ವಿವರಿಸಿದ್ದ. ಅದಕ್ಕೂ ಮೂರು ವರ್ಷ ಮೊದಲೇ, 1870ರಲ್ಲಿ, ದಕ್ಷಿಣ ಕನ್ನಡದ ಮೀನು ಸಾಕಣೆಯ ಬಗ್ಗೆ ಅವನ ವರದಿ ಪ್ರಕಟವಾಗಿತ್ತು. ನೀರಿಗೆ ವಿಷ ಹಾಕುವುದು, ಗದ್ದೆಯ ತೂಬುಗಳಿಗೆ ಸಣ್ಣ ಕಣ್ಣಿನ ಬಲೆ, ಬುಟ್ಟಿ ಒಡ್ಡಿ ಮರಿಗಳನ್ನೆಲ್ಲ ಬಾಚುವುದು ಇವನ್ನು ನಿಲ್ಲಿಸಬೇಕೆಂದು ಅವನ ಹಟ. ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಹತ್ತುವ ಮೀನನ್ನು ಕೂಣಿ ಇಟ್ಟು ಹಿಡಿಯುವ ಮಲೆನಾಡಿನ ಸಂಭ್ರಮ ಬಲ್ಲವರಿಗೆ ಅವನ ತಕರಾರು ಅರ್ಥವಾಗುತ್ತದೆ, ಒಪ್ಪಿಗೆಯಾಗದೆಯೂ ಇರಬಹುದು.

ಆ ಸಣ್ಣ ಮೀನುಗಳು ಇಂದಿಗೂ ಇವೆ. ಜರ್ಡನ್ ಎಂಬ ವೈದ್ಯ 1849ರಲ್ಲಿ ಮದ್ರಾಸಿನ ವಿದ್ವತ್ ಪತ್ರಿಕೆಯಲ್ಲಿ ಹೆಸರಿಟ್ಟ ಒಂದಿದೆ, ಒಪ್ಸೇರಿಯಸ್ ಕೆನರೆನ್ಸಿಸ್. ಕನ್ನಡ ಜಿಲ್ಲೆಯ ಹೆಸರನ್ನೇ ಹೊತ್ತದ್ದು. ಬೆಳ್ಳಿ ಮೈ, ಪಕ್ಕದಲ್ಲಿ ಎರಡು ಸಾಲು ನೀಲಿಗಪ್ಪು ಚುಕ್ಕೆ, ತಿಳಿನೀರು, ಓಡುವ ನೀರು. ಮೇಲ್ಮೈಗೆ ಬಿದ್ದ ಹುಳವನ್ನು ಹಾರಿ ಕಚ್ಚುವುದೇ ಅದರ ಬದುಕಾದ್ದರಿಂದ ಫ್ಲೈ ಗಾಳಕ್ಕೆ ಇದರಷ್ಟು ಒಪ್ಪುವ ಮೀನಿಲ್ಲ. ಜೊತೆಗೆ ಗೆಂಡೆ ಇದೆ, ಪಕ್ಕೆ ಇದೆ. ಅಂಗೈಯುದ್ದದ ಗೆಂಡೆ ಸೆಳವಿಗೆ ಅಡ್ಡ ಮೈ ಕೊಟ್ಟು ನಿಂತರೆ 3ನೇ ನಂಬರಿನ ಗ್ಲಾಸ್ ಕೋಲು ಹಿಡಿಯವರೆಗೆ ಬಾಗುತ್ತದೆ. ಅದೇ ಮೀನು 5ನೇ ನಂಬರಿನ ಕೋಲಿನಲ್ಲಿ ಕಸ ಸಿಕ್ಕಿದಂತೆ ಬಂದುಬಿಡುತ್ತದೆ. ಸಣ್ಣ ಕೋಲು ಕೊಳ್ಳುವುದು ಈ ವ್ಯತ್ಯಾಸಕ್ಕಾಗಿ. ಫ್ಲೈ ಗಾಳಕ್ಕೆ ಟ್ರೌಟೇ ಆಗಬೇಕೆಂಬ ಹಂಬಲದಲ್ಲಿ ಬ್ರಿಟಿಷರು ನೀಲಗಿರಿಯಲ್ಲಿ ಎಷ್ಟು ಪಾಡುಪಟ್ಟರು. 1860ರ ದಶಕದಲ್ಲಿ ಫ್ರಾನ್ಸಿಸ್ ಡೇ ಮಾಡಿದ ಪ್ರಯತ್ನ ಕೈಗೂಡಲಿಲ್ಲ. ಮುಂದಿನ ಶತಮಾನದ ಮೊದಲ ದಶಕದಲ್ಲಿ ವಿಲ್ಸನ್ ಎಂಬಾತನ ಕೈಯಲ್ಲಷ್ಟೇ ರೇನ್‌ಬೋ ಟ್ರೌಟ್ ಅಲ್ಲಿ ನೆಲೆಯೂರಿತು. ನೀಲಗಿರಿಯಿಂದ ಇಳಿದು ಬಂದ ಮೇಲೆ, ಯಾರೂ ತಂದು ಬಿಡದ ನಮ್ಮ ಚುಕ್ಕೆ ಮೀನನ್ನು ನೋಡಿದರೆ ಆ ಪಾಡೆಲ್ಲ ಅನಾವಶ್ಯಕ ಎನಿಸುತ್ತದೆ.

ಈಗ ಕಷ್ಟದ ಪ್ರಶ್ನೆ. ವಿಜಯನಗರದಲ್ಲೋ ಬಸವೇಶ್ವರನಗರದಲ್ಲೋ ಇರುವ ಮನುಷ್ಯ ಈ ಕೋಲು ಹಿಡಿದು ಹೋಗುವುದೆಲ್ಲಿಗೆ?

ಮನೆಯ ಹತ್ತಿರ ಒಂದು ಹೊಳೆಯೇನೋ ಇದೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಮಳೆನೀರೆಲ್ಲ ಇಳಿಯುವುದು ವೃಷಭಾವತಿಗೆ. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಯ ಪಕ್ಕದಲ್ಲಿ ಹಾದು, ನಾಯಂಡಹಳ್ಳಿ, ಕೆಂಗೇರಿ ದಾಟಿ, ಬಿಡದಿ ಹತ್ತಿರ ಬೈರಮಂಗಲದ ಕೆರೆಗೆ ಬಿದ್ದು, ಮುಂದೆ ಅರ್ಕಾವತಿಗೆ ಸೇರಿ, ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಅಳತೆಯಲ್ಲಿ ನೋಡಿದರೆ ಆರೂವರೆ ಅಡಿ ಕೋಲಿಗೆ ಹೇಳಿ ಮಾಡಿಸಿದ ಹೊಳೆ. ಈ ಹೊಳೆಯಲ್ಲಿ ಸ್ನಾನ ಮಾಡಿದ, ಬಟ್ಟೆ ಒಗೆದ, ಮೀನು ಹಿಡಿದ ಮಾತನ್ನು ಕೆಂಗೇರಿಯ ಕಡೆಯ ಹಿರಿಯರು ಈಗಲೂ ಆಡುತ್ತಾರೆ. ಇಂದು ಅದರಲ್ಲಿ ಹರಿಯುವುದು ಊರಿನ ಕೊಳಚೆ, ಕಾರ್ಖಾನೆಗಳ ನೀರು. ನಾಯಂಡಹಳ್ಳಿಯಲ್ಲಿ ಜಲಮಂಡಳಿಯ ಶುದ್ಧೀಕರಣ ಘಟಕವಿದ್ದೂ ಮಳೆ ಜೋರಾದಾಗ ಕೆಳಗಡೆ ನೊರೆ ಏಳುವುದನ್ನು ಬಸ್ಸಿನ ಕಿಟಕಿಯಿಂದ ಯಾರು ಬೇಕಾದರೂ ನೋಡಬಹುದು. ನಗರದ ಪಶ್ಚಿಮದವರಿಗೆ ತೊರೆಯ ಗಾಳ ದೂರದ ಊರಿನ ಹವ್ಯಾಸವಾದದ್ದು ಹೀಗೆ.

ದೂರದ ಊರಿಗೆ ಹೋಗುವ ಮುನ್ನ ಕಾನೂನೂ ತಿಳಿದಿರಬೇಕು. 1972ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಕಾವೇರಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು, ಸಿಡಿಮದ್ದು ಹಾಕಿ ಮೀನು ಕೊಲ್ಲುವವರನ್ನು ತಡೆಯಲು ಕಾವಲಿಟ್ಟಿತ್ತು. ಹಿಡಿದ ಮೀನನ್ನು ತೂಗಿ ನೀರಿಗೇ ಬಿಡುವುದು ಅಲ್ಲಿನ ನಿಯಮ. ಕದ್ದು ಮೀನು ಹಿಡಿಯುತ್ತಿದ್ದವರಲ್ಲೇ ಕೆಲವರು ಅತಿಥಿಗಳಿಗೆ ನದಿ ತೋರಿಸುವ ಕೆಲಸಕ್ಕೆ ಸೇರಿದರು. ಈ ನದಿಭಾಗವೆಲ್ಲ ಕಾವೇರಿ ವನ್ಯಜೀವಿಧಾಮದೊಳಗಿನದು. 2010ರ ಆಸುಪಾಸಿನಲ್ಲಿ ಹಿಡಿದು ಬಿಡುವ ಗಾಳವೂ ವನ್ಯಜೀವಿ ಕಾಯ್ದೆಯ ಪ್ರಕಾರ ಬೇಟೆಯೇ ಎಂದಾಗಿ ಎಲ್ಲ ನಿಂತಿತು. ಆ ತೀರ್ಮಾನ ಸರಿಯೋ ತಪ್ಪೋ ಎಂಬ ಜಗಳ ಮುಗಿದಿಲ್ಲ. ಕಾವಲಿದ್ದಾಗ ಮೀನು ಉಳಿದಿತ್ತು ಎನ್ನುವವರ ಮಾತನ್ನು ತಳ್ಳಿಹಾಕುವುದು ಕಷ್ಟ. ಅಭಯಾರಣ್ಯ ಎಂದ ಮೇಲೆ ಮನುಷ್ಯನ ಆಟಕ್ಕೆ ಅಲ್ಲೇನು ಕೆಲಸ ಎಂಬ ಮಾತೂ ಸುಳ್ಳಲ್ಲ. ಇದರ ನಡುವೆ 2018ರಲ್ಲಿ ಸಂಶೋಧಕರು ಕಾವೇರಿಯ ಡುಬ್ಬದ ಮಹಶೀರಿಗೆ ಟಾರ್ ರೆಮಾದೇವಿ ಎಂಬ ಸರಿಯಾದ ವೈಜ್ಞಾನಿಕ ಹೆಸರು ಗುರುತಿಸಿದರು. ಅದೇ ವರ್ಷ ಅದು ಅಳಿವಿನ ತೀರ ಅಂಚಿನಲ್ಲಿರುವ ಜೀವಿಗಳ ಪಟ್ಟಿ ಸೇರಿತು.

ಹೀಗಾಗಿ ವನ್ಯಜೀವಿಧಾಮ, ರಾಷ್ಟ್ರೀಯ ಉದ್ಯಾನಗಳೊಳಗೆ ಕೋಲು ಬಿಚ್ಚುವಂತಿಲ್ಲ. ಶೃಂಗೇರಿ, ಶಿಶಿಲ, ರಾಮನಾಥಪುರದಂಥ ದೇವರ ಮೀನಿನ ಮಡುಗಳ ಹತ್ತಿರವೂ ಸುಳಿಯಬಾರದು. ಅಲ್ಲಿ ಕಾನೂನಿಗಿಂತ ಮೊದಲು ಊರಿನವರು ಕೇಳುತ್ತಾರೆ. ಉಳಿದ ಕಡೆ ಒಳನಾಡು ಮೀನುಗಾರಿಕೆ ಕಾಯ್ದೆ, 1996 ನಡೆಯುತ್ತದೆ. ತಾಲ್ಲೂಕಿನ ಮೀನುಗಾರಿಕೆ ಇಲಾಖೆಯಲ್ಲಿ ಕೇಳಿದರೆ ಯಾವ ನೀರು ಗುತ್ತಿಗೆಯಲ್ಲಿದೆ, ಯಾವುದಕ್ಕೆ ಪರವಾನಗಿ ಬೇಕು ಎಂದು ಹೇಳುತ್ತಾರೆ. ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆ ಕಡೆಯ ಎಷ್ಟೋ ಹಳ್ಳಗಳು ತೋಟಗಳ ನಡುವೆಯೇ ಹರಿಯುವುದರಿಂದ ತೋಟದವರ ಒಪ್ಪಿಗೆಯೂ ಬೇಕು. ನನಗಂತೂ ಯಾರೂ ಬೇಡವೆಂದಿಲ್ಲ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರ ಗಾಳದ ಗೀಳು ಆ ಸೀಮೆಗೆಲ್ಲ ಗೊತ್ತಿದ್ದದ್ದೇ ಆಗಿರುವುದರಿಂದ ಇರಬಹುದು, ಕೋಲು ಹಿಡಿದು ಅಲೆಯುವವನನ್ನು ಅಲ್ಲಿ ಹುಚ್ಚನೆಂದು ನೋಡುವುದಿಲ್ಲ. ಒಮ್ಮೆ ತೋಟದ ಹಿರಿಯರೊಬ್ಬರು ನಿಂತು ನೋಡಿ, “ಅಲ್ಲ ಮಾರಾಯ್ರೆ, ಅಷ್ಟು ಸಲ ಬೀಸಿ ಬೀಸಿ ಹಾಕ್ತೀರಲ್ಲ, ಮೀನಿಗೇನು ಗಾಳಿ ಹಾಕ್ತಾ ಇದೀರಾ?” ಎಂದರು. ಹಳ್ಳದಲ್ಲಿ ಗಾಳಿಯಲ್ಲಿ ಬೀಸುವುದು ಒಂದೇ ಸಲ ಸಾಕು ಎಂದು ಫ್ಲೈ ಪುಸ್ತಕಗಳೂ ಹೇಳುತ್ತವೆ, ಇಷ್ಟು ಚೆನ್ನಾಗಿ ಹೇಳುವುದಿಲ್ಲ.

ಬೀಸುವ ಅಭ್ಯಾಸಕ್ಕೆ ನೀರೇ ಬೇಕಿಲ್ಲ. ರಾಜಾಜಿನಗರದ ರಾಮಮಂದಿರ ಮೈದಾನದಲ್ಲಿ ಕ್ರಿಕೆಟ್ ಹುಡುಗರು ಬರುವ ಮೊದಲು, ಬೆಳಗಿನ ಆರರ ಹೊತ್ತಿಗೆ, ಕೊಕ್ಕೆಯ ಬದಲು ತುದಿಗೆ ಕೆಂಪು ಉಣ್ಣೆಯ ಎಳೆ ಕಟ್ಟಿ ಬೀಸಬಹುದು. ಇಪ್ಪತ್ತು ಅಡಿ ದೂರಕ್ಕೆ ಒಂದು ಟವೆಲ್ ಹಾಸಿ ಅದರ ಮೇಲೆ ಎಳೆ ಇಳಿಸುವುದೇ ಪಾಠ. ವಾಕಿಂಗಿನವರು ನಿಂತು ಕೇಳುತ್ತಾರೆ; ಕೇಳಲಿ. ನಾಲ್ಕು ತುಂಡಾಗುವ ಏಳಡಿ ಕೋಲು ಮಡಚಿದರೆ 21 ಇಂಚು. ಲ್ಯಾಪ್‌ಟಾಪ್ ಚೀಲದಲ್ಲಿ ಓರೆಯಾಗಿ ಕೂರುತ್ತದೆ, ಸ್ಕೂಟರಿಗೆ ಅಡ್ಡ ಬರುವುದಿಲ್ಲ, ಮಡಿಕೇರಿ ಬಸ್ಸಿಗೆ ಸ್ಯಾಟಲೈಟ್ ನಿಲ್ದಾಣದಲ್ಲಿ ಕಾಯುವಾಗ ಯಾರ ಮುಖಕ್ಕೂ ಚುಚ್ಚುವುದಿಲ್ಲ. ಎರಡೇ ತುಂಡಿನ ಕೋಲು ಇನ್ನೂ ಚೆನ್ನಾಗಿ ಬಾಗುತ್ತದೆಂಬ ಹಳಬರ ನಂಬಿಕೆ ನಿಜವೇ ಇರಲಿ, ಬೆಂಗಳೂರಿನವರಿಗೆ ನಾಲ್ಕೇ ವಾಸಿ.

ಕಾಲ ನೋಡಿ ಹೋಗಬೇಕು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಹಳ್ಳ ಕೆಂಪು ನೀರು ಹೊತ್ತು ಓಡುತ್ತಿರುತ್ತದೆ, ಮೀನು ಮೊಟ್ಟೆಯಿಡುವ ಕಾಲವೂ ಅದೇ, ಆಗ ಬಿಟ್ಟುಬಿಡಬೇಕು. ನವೆಂಬರಿನಲ್ಲಿ ನೀರು ತಿಳಿಯಾಗಿ ತಳದ ಕಲ್ಲು ಕಾಣತೊಡಗಿದಾಗ ಹೊರಟರೆ ಫೆಬ್ರವರಿಯವರೆಗೆ ಆಟ. ಬಿಸಿಲು ಬಲಿತ ಮೇಲೆ ಗುಂಡಿಗಳಲ್ಲಿ ಸಿಕ್ಕಿಕೊಂಡ ಮೀನನ್ನು ಕಾಡುವುದು ಆಟವಲ್ಲ. ಕೊಕ್ಕೆ 14 ಅಥವಾ 16ನೇ ಸೈಜು ಸಾಕು. ಇಲ್ಲಿ ನಂಬರು ಏರಿದಷ್ಟೂ ಕೊಕ್ಕೆ ಚಿಕ್ಕದು. ಅದರ ಒಳಮುಳ್ಳನ್ನು ಇಕ್ಕಳದಿಂದ ಅದುಮಿಬಿಟ್ಟರೆ ಮೀನಿನ ಬಾಯಿ ಹರಿಯದೆ ಬಿಡಿಸಲು ಬರುತ್ತದೆ. ಬಿಡಿಸುವ ಮುಂಚೆ ಕೈ ಒದ್ದೆ ಮಾಡಿಕೊಳ್ಳಬೇಕು, ಒಣ ಕೈ ತಾಗಿದರೆ ಮೀನಿನ ಮೈಯ ಲೋಳೆ ಕಿತ್ತುಬರುತ್ತದೆ. ಕೋಲನ್ನು ಮಾತ್ರ ಒದ್ದೆಯಾಗಿ ಕೊಳವೆಗೆ ಹಾಕಬೇಡಿ. ಮಲೆನಾಡಿನ ತೇವಕ್ಕೆ ಕಾರ್ಕಿನ ಹಿಡಿ ಒಂದೇ ವಾರದಲ್ಲಿ ಬೂಷ್ಟು ಹಿಡಿಯುತ್ತದೆ. ಮನೆಗೆ ಬಂದ ರಾತ್ರಿಯೇ ನಾಲ್ಕೂ ತುಂಡನ್ನು ಒರೆಸಿ ಬಟ್ಟೆಯ ಗೂಡಿನ ಹೊರಗೆ, ಮಕ್ಕಳ ಕೈಗೆ ಎಟುಕದ ಕಡೆ, ಫ್ಯಾನಿನ ಗಾಳಿಗೆ ಒರಗಿಸಿಡಿ.